ಉಪ್ಪು ಬಿಟ್ಟ ಹರಕೆ

ನಂಜನಗೂಡು ಸೀಮೆಯ ಹದಿನಾರು ಅನ್ನುವ ಊರಿನ ಶಿವನಂಜಮ್ಮನಿಗೆ ತಮ್ಮ ಅಂದರೆ ಜೀವ. ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ, ಒಂಚೂರು ನಗುತ್ತಲೇ ಹೇಳುತ್ತಾರೆ. ಅವ್ವ ತೀರಿಕೊಂಡಾಗ ಅಮೃತೇಶ ಇನ್ನೂ ಅಂಬೆಗಾಲಿನ ಕೂಸು. ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು ಇವಳು. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ತವರಿಗೇ ವಾಪಸು ಬಂದು, ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾ ನಿಂತುಬಿಟ್ಟಳು. ಮಕ್ಕಳಾಗಿರಲಿಲ್ಲ, ಆ ಜಾಗದಲ್ಲಿ ತಮ್ಮನಿದ್ದ. ಅವನಿಗೆ ಮೀಸೆ ಬಂತು, ನಂಜನಗೂಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಆಯಿತು, ಟಿ. ನರಸೀಪುರದ ಪವಿತ್ರಾ ಹೆಂಡತಿಯಾಗಿ ಬಂದಳು, ಅಂಗಡಿಯಿದ್ದ ಊರಲ್ಲೇ ಸಂಸಾರ ಹೂಡಿದರು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಶಿವನಂಜಮ್ಮ ಸೆರಗು ತೆಗೆದು ಅವನ ಮುಖದ ಗ್ರೀಸು ಒರೆಸುವವಳೇ. "ಬುಡಕ್ಕ, ಜನ ನೋಡ್ತಾವ್ರೆ" ಅಂತ ಅವನು ಕೊಸರಾಡುವವನೇ.

ಮದುವೆಯಾದ ಮರುವರ್ಷ ಅವನ ತಲೆಯೊಳಗೆ ಏನೋ ಆಯಿತು. ಮೊದಮೊದಲು ಅದು ಕಾಯಿಲೆಯ ಥರ ಕಾಣಲೇ ಇಲ್ಲ, ಹಬ್ಬದ ಥರ ಕಂಡಿತು. ನಿದ್ದೆ ಬೇಡ, ಊಟ ಬೇಡ, ಬಾಯಿ ತುಂಬ ಮಾತು, ಮಾತಿಗೊಂದು ನಗು. ರಿಪೇರಿಗೆ ಬಂದ ಪಂಪ್‌ಸೆಟ್ ಮೋಟಾರುಗಳನ್ನೆಲ್ಲ ಬಿಚ್ಚಿ ಅಂಗಡಿ ಮುಂದೆ ಹರವಿಕೊಂಡು, ಕಪಿಲೆಯ ನೀರನ್ನು ಕರೆಂಟೇ ಇಲ್ಲದೆ ದಿಣ್ಣೆಗೆ ಹತ್ತಿಸುತ್ತೇನೆ ಅಂತ ಹೊರಟ. ದಾರಿಹೋಕರನ್ನು ಕರೆಕರೆದು ಟೀ ಕುಡಿಸಿದ. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಹಾಡು ಹೇಳುತ್ತಾ, ಕೆಲಸವಿಲ್ಲದಿದ್ದರೂ ದೇವನೂರಿನವರೆಗೂ ಸುತ್ತಾಡಿಸಿಕೊಂಡು ಬಂದ. ನಿಜ ಹೇಳಬೇಕೆಂದರೆ ಶಿವನಂಜಮ್ಮನಿಗೆ ಅವತ್ತು ಬಲು ಖುಷಿಯಾಗಿತ್ತು. ಆಮೇಲೆ ಹಬ್ಬ ಮುಗಿಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಎದ್ದ ದಿನ ನೆಟ್ಟಗೆ ಸ್ನಾನಘಟ್ಟಕ್ಕೆ ಹೋಗಿ ಹೊಳೆಗೆ ಇಳಿದುಬಿಟ್ಟ. ಬಟ್ಟೆ ಒಗೆಯುತ್ತಿದ್ದವರು ಅಂಗಿ ಹಿಡಿದು ದಡಕ್ಕೆ ಎಳೆದು ಹಾಕಿದರು.

ಮೈಸೂರಿನ ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆ ಲಿಥಿಯಂ. ಅದರಿಂದ ಅಮೃತೇಶ ಮತ್ತೆ ಮನುಷ್ಯನಾದ, ಅದರಲ್ಲಿ ಎರಡು ಮಾತಿಲ್ಲ. ಅಂಗಡಿಗೆ ಹೋದ, ಮನೆಗೆ ಬಂದ, ನಿದ್ದೆ ಮಾಡಿದ. "ಟಿವಿಗೆ ಸ್ಟೆಬಿಲೈಜರ್ ಹಾಕಲ್ವಾ ಅಕ್ಕ? ಕರೆಂಟು ಜಾಸ್ತಿ ಬಂದ್ರೂ ಸುಡಬಾರ್ದು, ಕಮ್ಮಿ ಬಂದ್ರೂ ಕೆಡಬಾರ್ದು. ಇದು ನನ್ ತಲೆಗೆ ಹಾಕಿರೋ ಸ್ಟೆಬಿಲೈಜರ್" ಅಂದ. "ನಿನ್ ತಲೆಯೇನು ಟಿವಿಯೇನ್ಲಾ?" ಅಂದಳು ಶಿವನಂಜಮ್ಮ. ಅವನು ನಕ್ಕ. ಆದರೆ ಆ ನಗು ಬಾಯಿಂದ ಕೆಳಗಿಳಿಯಲಿಲ್ಲ, ಅವಳಿಗೆ ಗೊತ್ತಾಯಿತು.

ಆ ಮಾತ್ರೆ ಕೊಟ್ಟದ್ದೂ ಉಂಟು, ಕಿತ್ತುಕೊಂಡದ್ದೂ ಉಂಟು. ಕೈ ಸಣ್ಣಗೆ ನಡುಗತೊಡಗಿತು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಕಾಯಿಲ್ ಸುತ್ತುವ ಕೈ ಅದು. ಟೀ ಲೋಟ ಹಿಡಿದರೆ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ನಾಜೂಕಿನ ಕೆಲಸವನ್ನೆಲ್ಲ ಅಂಗಡಿಯ ಪಾಲುದಾರ ಶಿವಸ್ವಾಮಿಗೆ ಬಿಟ್ಟು ತಾನು ಬೋಲ್ಟು ಬಿಚ್ಚುವುದಕ್ಕೆ ನಿಂತ. ಸದಾ ಬಾಯಾರಿಕೆ. ಮೈ ಊದಿತು. ಹಾಡು ಹೋಯಿತು. ಕರೆದರೆ ಒಂದು ಗಳಿಗೆ ಬಿಟ್ಟು "ಊಂ" ಅನ್ನುತ್ತಿದ್ದ. ಇದೆಲ್ಲ ಇದ್ದದ್ದೇ, ಡೋಸು ನೋಡಿಕೊಂಡು ಸರಿಮಾಡೋಣ, ಮಾತ್ರೆ ಮಾತ್ರ ಬಿಡಬೇಡಿ ಎಂದಿದ್ದರು ಡಾಕ್ಟರು. ಪವಿತ್ರಾ ಅದನ್ನು ಒಪ್ಪಿಕೊಂಡಳು. ಹೊಳೆಯಿಂದ ಎಳೆದು ತಂದ ಗಂಡನ ಒದ್ದೆ ಮೈ ಒರೆಸಿದವಳು ಅವಳು, ಕೈ ನಡುಗಿದರೆ ನಡುಗಲಿ, ಕೈ ಇದೆಯಲ್ಲ ಅನ್ನುವವಳು. ಶಿವನಂಜಮ್ಮ ಒಪ್ಪಲಿಲ್ಲ. ಬೈಕಿನಲ್ಲಿ ಹಾಡು ಹೇಳಿದ ತಮ್ಮ ಅವಳಿಗೆ ವಾಪಸು ಬೇಕಿತ್ತು.

ಪವಿತ್ರಾಗೆ ದಿನ ತುಂಬುತ್ತಾ ಬಂತು. ಚೊಚ್ಚಲ ಹೆರಿಗೆ, ತವರಿಗೆ ಹೋಗಲೇಬೇಕು. ಅವಳಪ್ಪ ಗುರುಮಲ್ಲಪ್ಪ ಟಿ. ನರಸೀಪುರದಿಂದ ಕಾರು ಮಾಡಿಕೊಂಡು ಬಂದರು. ಅವಳು ಬಾಣಂತನ ಮುಗಿಸಿ ಬರುವವರೆಗೆ ಅಮೃತೇಶ ಹದಿನಾರಿನಲ್ಲಿ ಅಕ್ಕನ ಮನೆಯಲ್ಲಿರುವುದು ಅಂತಾಯಿತು. ಪವಿತ್ರಾ ಮಾತ್ರೆಯ ಡಬ್ಬಿಯನ್ನು ಶಿವನಂಜಮ್ಮನ ಕೈಗೆ ಕೊಟ್ಟು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. "ಅತ್ತಿಗೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ತಪ್ಪಿಸಬೇಡಿ. ಅವರ ಕೈಗೆ ಡಬ್ಬಿ ಕೊಡಬೇಡಿ. ನೀರು ಚೆನ್ನಾಗಿ ಕುಡೀಲಿ. ಊಟ ಈಗ ಹೆಂಗಿದೆಯೋ ಹಂಗೇ ಇರ್ಲಿ, ಏನೂ ಬದಲಾಯಿಸಬೇಡಿ."

"ಆಯ್ತು ಕಣವ್ವ, ನಾನೇನು ನಿನ್ ಗಂಡನ್ನ ಉಪವಾಸ ಕೆಡವ್ತೀನಾ? ನೆಮ್ದಿಯಾಗಿ ಓಗು" ಅಂದಳು ಶಿವನಂಜಮ್ಮ.

ಮಾತ್ರೆಯ ವಿಷಯದಲ್ಲಿ ಅವಳು ಒಂದಿಷ್ಟೂ ತಪ್ಪು ಮಾಡಲಿಲ್ಲ, ಅದನ್ನು ಹೇಳಿಬಿಡಬೇಕು. ನಿಲ್ಲಿಸಿಬಿಡು, ಮಂತ್ರಿಸಿದ ಬಳ್ಳಿ ಕಟ್ಟಿಸು, ನಾಟಿ ಔಷಧಿ ಕೊಡಿಸು ಅಂತ ಊರಿನವರು ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಡಾಕ್ಟರ ಮಾತು ಮೀರಬಾರದು. ಆದರೆ ಡಾಕ್ಟರಿಗಿಂತ ಮೇಲಿನವನೊಬ್ಬನಿದ್ದಾನಲ್ಲ, ಅವನನ್ನು ಕೇಳುವುದಕ್ಕೆ ಯಾರ ಅಪ್ಪಣೆ ಬೇಕು? ಸೋಮವಾರ ತಮ್ಮನನ್ನು ಕರೆದುಕೊಂಡು ನಂಜುಂಡೇಶ್ವರನ ಗುಡಿಗೆ ಹೋದಳು. ಕೈ ಮುಗಿದು ಗಟ್ಟಿಯಾಗಿಯೇ ಹೇಳಿಕೊಂಡಳು: "ಅಪ್ಪಾ, ಈ ಮಾತ್ರೆ ಬೇಡ ಅಂತ ಡಾಕ್ಟ್ರ ಬಾಯಲ್ಲೇ ಬರಂಗೆ ಮಾಡು. ಅಲ್ಲೀಗಂಟ ಇವ್ನು ಉಪ್ಪು ಮುಟ್ಟಕಿಲ್ಲ, ನಾನೂ ಮುಟ್ಟಕಿಲ್ಲ." ಅವಳ ಅವ್ವ ಹಿಂದೆ ಇವಳಿಗೆ ಸಿಡುಬು ಬಂದಾಗ ಹೀಗೇ ಉಪ್ಪು ಬಿಟ್ಟಿದ್ದಳಂತೆ, ಇವಳು ಬದುಕಿದಳಂತೆ.

"ಅಕ್ಕ, ನನ್ನೂ ಸೇರುಸ್ಬುಟ್ಯಲ್ಲ" ಅಂದ ಅಮೃತೇಶ, ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ.

"ನಿಂಗೋಸ್ಕರ ತಾನೆ ಒತ್ತಿರೋದು? ಯಾರಿಗೂ ಯೇಳಬ್ಯಾಡ. ಅರಕೆ ಬಾಯಿಬಿಟ್ಟು ಯೇಳುದ್ರೆ ಫಲ ಓಯ್ತದೆ. ಪವಿತ್ರಂಗೂ ಯೇಳಬ್ಯಾಡ."

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅಕ್ಕನ ಮುಖ ನೋಡಿದ. "ಉಪ್ಪು ತಾನೆ, ಆಯ್ತು ಬುಡು" ಅಂದ.

ಸಪ್ಪೆ ಊಟ ಶುರುವಾಯಿತು. ಮುದ್ದೆಗೆ ಹೇಗೂ ಉಪ್ಪು ಹಾಕುವುದಿಲ್ಲ. ಸಾರಿಗಿಲ್ಲ, ಪಲ್ಯಕ್ಕಿಲ್ಲ, ಮಜ್ಜಿಗೆಗಿಲ್ಲ. ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೆ ಎತ್ತಿಟ್ಟಳು. ಮಧ್ಯಾಹ್ನದ ಬುತ್ತಿಯನ್ನೂ ಅವಳೇ ಕಟ್ಟಿ ಕೊಡುತ್ತಿದ್ದಳು. ಅಂಗಡಿ ಎದುರಿನ ಬೋಂಡಾ, ಹೋಟೆಲಿನ ಇಡ್ಲಿ ಎಲ್ಲಕ್ಕೂ ಆಣೆ ಹಾಕಿಸಿಕೊಂಡಿದ್ದಳು. ಪವಿತ್ರಾ ಫೋನು ಮಾಡಿ "ಊಟ ಹೆಂಗಿದೆ ಅತ್ತಿಗೆ, ಸರಿಯಾಗಿ ಮಾಡ್ತಾರಾ?" ಎಂದು ಕೇಳಿದರೆ, "ಅದೇ ಮುದ್ದೆ, ಅದೇ ಸಾರು ಕಣವ್ವ" ಅನ್ನುತ್ತಿದ್ದಳು. ಸುಳ್ಳೇನಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಬಿರುಬೇಸಿಗೆ. ಎಲ್ಲರ ಪಂಪ್‌ಸೆಟ್ಟೂ ಓಡುವ ಕಾಲ, ಸುಡುವ ಕಾಲ. ಅಂಗಡಿಯ ತಗಡಿನ ಚಾವಣಿಯ ಕೆಳಗೆ ಅಮೃತೇಶ ಬೆವರು ಸುರಿಸಿಕೊಂಡು ಬೋಲ್ಟು ಬಿಚ್ಚುತ್ತಿದ್ದ. ಮೊದಲು ಅವನಿಗೆ ಊಟ ಸೇರದಾಯಿತು. ಸಪ್ಪೆ ತಾನೆ, ಹಾಗೇ ಅಂದುಕೊಂಡಳು. ಹೊಟ್ಟೆ ತೊಳೆಸುತ್ತದೆ ಅಂದ. ಬಿಸಿಲಿಗೆ ಪಿತ್ತ ಅಂದುಕೊಂಡಳು. ಕೈ ನಡುಕ ಜಾಸ್ತಿಯಾಗಿ ತುತ್ತು ಬಾಯಿಗೆ ಹೋಗದೆ ಗಲ್ಲಕ್ಕೆ ಬಡಿಯುತ್ತಿತ್ತು. ಅವಳೇ ತುತ್ತು ಕೊಟ್ಟಳು. ಕೊಡುವಾಗ, ದೇವರು ಪರೀಕ್ಷೆ ಮಾಡುತ್ತಿದ್ದಾನೆ, ಸೋಲಬಾರದು ಎಂದು ಹಲ್ಲು ಕಚ್ಚಿಕೊಂಡಳು.

ಒಂದು ಭಾನುವಾರ ಅವನು ಟಿ. ನರಸೀಪುರಕ್ಕೆ ಹೋಗಿ ಹೆಂಡತಿಯನ್ನು ನೋಡಬೇಕಿತ್ತು. ಎದ್ದು ಅಂಗಿ ಹಾಕಿಕೊಂಡವನಿಗೆ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ತಲೆ ಸುತ್ತು ಬಂದು ಹಾಗೇ ಕುಳಿತ. ಫೋನಿನಲ್ಲಿ ಪವಿತ್ರಾ ರೇಗಿದಳು. ಆ ಬೈಗುಳ ಶಿವನಂಜಮ್ಮನಿಗೂ ಕೇಳಿಸುವಷ್ಟು ಜೋರಾಗಿತ್ತು. "ನಿಮಗೆ ನಾನೂ ಬೇಡ, ಮಗೂನೂ ಬೇಡ, ಅಲ್ಲೇ ಇದ್ಬಿಡಿ!" ಅಮೃತೇಶ "ಅಂಗಲ್ಲ ಕಣೇ, ಅಂಗಲ್ಲ" ಅನ್ನುತ್ತಲೇ ಇದ್ದ, ಆ ಕಡೆ ಫೋನು ಇಟ್ಟಾಗಿತ್ತು.

ಮಾರನೇ ದಿನ ಮಧ್ಯಾಹ್ನ ಶಿವಸ್ವಾಮಿ ಅವನನ್ನು ಆಟೋದಲ್ಲಿ ತಂದು ಬಿಟ್ಟ. ಇಳಿದವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಒಂದು ಕಡೆ, ಮೈ ಒಂದು ಕಡೆ. ನಾಲಿಗೆ ತೊದಲುತ್ತಿತ್ತು. ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವನಂಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹರಕೆ ಹೊತ್ತ ಬಾಯಿಗೆ ಹೆಂಡ! ಹೊಸಿಲಲ್ಲೇ ನಿಲ್ಲಿಸಿ ಕಪಾಳಕ್ಕೆ ಬಾರಿಸಿದಳು. ಹುಟ್ಟಿದಾಗಿನಿಂದ ಅವನ ಮೇಲೆ ಅವಳು ಕೈ ಎತ್ತಿದ್ದು ಅದೇ ಮೊದಲು.

"ನಾಚ್ಕೆ ಆಗಲ್ವೇನ್ಲಾ! ಮಗು ಉಟ್ಟೋ ಒತ್ನಲ್ಲಿ ಕುಡ್ಕ ಬತ್ತೀಯಾ?"

"ಕುಡ್... ಕುಡ್ದಿಲ್ಲ... ಅಕ್ಕ" ಅಂದ ಅಮೃತೇಶ. ಅಷ್ಟು ಹೇಳಿ ಅಲ್ಲೇ ಕುಸಿದ. ವಾಂತಿ ಮಾಡಿಕೊಂಡ. ಅವಳು ಬಗ್ಗಿ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ.

ನಂಜನಗೂಡಿನ ಆಸ್ಪತ್ರೆಯವರು ನೋಡಿದವರೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಅವನ ಕೈಕಾಲು ಅದುರುತ್ತಿತ್ತು, ಕಣ್ಣು ಎಲ್ಲೆಲ್ಲೋ ತಿರುಗುತ್ತಿತ್ತು. ಕೆನ್ನೆಯ ಮೇಲೆ ಅವಳ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಶಿವನಂಜಮ್ಮ ಆ ಗುರುತನ್ನು ಸವರುತ್ತಾ ಕುಳಿತಳು.

ಮೈಸೂರಿನ ಆಸ್ಪತ್ರೆಯಲ್ಲಿ ಅವನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಿವ್ಯ ಅಂತ ಹೆಸರು. ರಕ್ತ ತೆಗೆದು ಕಳಿಸಿದಳು, ಡ್ರಿಪ್ ಹಾಕಿಸಿದಳು. ರಿಪೋರ್ಟು ಬಂದ ಮೇಲೆ ಶಿವನಂಜಮ್ಮನನ್ನು ಪಕ್ಕಕ್ಕೆ ಕರೆದಳು.

"ಅಮ್ಮ, ಇವರ ರಕ್ತದಲ್ಲಿ ಲಿಥಿಯಂ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ. ವಿಷದ ಥರ ಆಗಿದೆ. ಮಾತ್ರೆ ಜಾಸ್ತಿ ತಗೊಂಡ್ರಾ?"

"ಇಲ್ಲ ಕಣವ್ವ, ನಾನೇ ಎಣಿಸಿ ಕೊಡ್ತಿದ್ದೆ."

"ಬೇರೆ ಏನಾದ್ರೂ? ಕೈಕಾಲು ನೋವಿಗೆ ಮಾತ್ರೆ? ಭೇದಿ ಏನಾದ್ರೂ ಆಗಿತ್ತಾ?"

"ಇಲ್ಲ."

"ಊಟದಲ್ಲಿ ಉಪ್ಪು ಬಿಟ್ಟಿದ್ರಾ? ಬಿಪಿ ಅಂತ ಯಾರಾದ್ರೂ ಉಪ್ಪು ಬಿಡಿಸಿದ್ರಾ?"

ಶಿವನಂಜಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. ಇವಳಿಗೆ ಯಾರು ಹೇಳಿದರು? ಗುಡಿಯಲ್ಲಿ ನಾನು ಹೇಳಿಕೊಂಡದ್ದು ಇವಳ ಕಿವಿಗೆ ಹೇಗೆ ಬಿತ್ತು? ಯೋಚನೆ ಮಾಡುವುದಕ್ಕೆ ಮೊದಲೇ ಬಾಯಿ ಉತ್ತರ ಕೊಟ್ಟಾಗಿತ್ತು.

"ಇಲ್ಲ" ಅಂದಳು.

ಆಮೇಲೆ, ಸುಮ್ಮನೆ ಕೇಳುವವಳ ಹಾಗೆ, ನೆಲ ನೋಡುತ್ತಾ ಕೇಳಿದಳು: "ಅಲ್ಲ ಕಣವ್ವ, ಉಪ್ಪು ಬುಟ್ರೆ ಏನಾಯ್ತದೆ?"

ದಿವ್ಯಾಗೆ ಪುರುಸೊತ್ತಿರಲಿಲ್ಲ. ಆದರೂ ನಿಂತು ಹೇಳಿದಳು. "ಲಿಥಿಯಂ ಅನ್ನೋದೂ ಒಂದು ಜಾತಿ ಉಪ್ಪೇ ಅಮ್ಮ. ನಾವು ತಿನ್ನೋ ಉಪ್ಪಿನ ದಾಯಾದಿ ಅಂದ್ಕೊಳ್ಳಿ. ತಿಂದ ಲಿಥಿಯಂ ಕೆಲಸ ಮುಗಿಸಿ ದಿನಾ ಮೂತ್ರದಲ್ಲಿ ಹೊರಗೆ ಹೋಗಬೇಕು. ಮೈಯಲ್ಲಿ ಉಪ್ಪು ಕಡಿಮೆ ಆಯ್ತು ಅಂದ್ರೆ ಕಿಡ್ನಿ ಗಾಬರಿಬೀಳತ್ತೆ, ಸಿಕ್ಕಿದ್ದನ್ನ ಬಿಡಬಾರದು ಅಂತ ಉಪ್ಪನ್ನೆಲ್ಲ ವಾಪಸು ಎಳ್ಕೊಳ್ಳತ್ತೆ. ಅದರ ಜೊತೆಗೆ ಲಿಥಿಯಮ್ಮನ್ನೂ ಎಳ್ಕೊಳ್ಳತ್ತೆ. ಅದಕ್ಕೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಹಂಗೇ ರಕ್ತದಲ್ಲಿ ಸೇರ್ತಾ ಸೇರ್ತಾ ಮೆದುಳಿಗೆ ಹೋಗತ್ತೆ. ಮೆದುಳಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋದನ್ನ ಈ ಮಾತ್ರೆ ಹದದಲ್ಲಿ ಇಡತ್ತೆ. ಅದಕ್ಕೇ ಇವರು ಇಷ್ಟು ದಿನ ಚೆನ್ನಾಗಿದ್ದಿದ್ದು. ಅಳತೆ ಮೀರಿದ್ರೆ ಅದೇ ಮಾತ್ರೆ ಸುದ್ದಿನೇ ಕೆಡಿಸಿಬಿಡತ್ತೆ. ಕೈಗೆ, ಕಾಲಿಗೆ, ನಾಲಿಗೆಗೆ, ಯಾವುದಕ್ಕೂ ಸರಿಯಾಗಿ ಹೇಳಕ್ಕಾಗಲ್ಲ." ಹೇಳಿ ಮುಗಿಸಿ, "ನೀವು ಉಪ್ಪು ಬಿಡಿಸಿಲ್ಲ ಅಂದ್ರಲ್ಲ, ಅಲ್ಲಿಗೆ ಇವರೇ ಗುಟ್ಟಾಗಿ ಮಾತ್ರೆ ಜಾಸ್ತಿ ನುಂಗಿರಬೇಕು" ಅಂದು ಹೋದಳು.

ಶಿವನಂಜಮ್ಮ ಹಾಸಿಗೆಯ ಹತ್ತಿರ ಬಂದು ನಿಂತಳು. ಕಂಬಿಗೆ ನೇತುಹಾಕಿದ ಬಾಟಲಿಯಿಂದ ಹನಿ ಹನಿಯಾಗಿ ತಮ್ಮನ ಕೈಗೆ ಏನೋ ಇಳಿಯುತ್ತಿತ್ತು. "ಇದೇನವ್ವ, ಔಸ್ದಿಯಾ?" ಅಂತ ನರ್ಸನ್ನು ಕೇಳಿದಳು.

"ಉಪ್ಪುನೀರು ಅಮ್ಮ" ಅಂದಳು ನರ್ಸು.

ಶಿವನಂಜಮ್ಮ ಕಾರಿಡಾರಿನ ಬೆಂಚಿಗೆ ಬಂದು ಕುಳಿತು ಹಣೆ ಹಣೆ ಚಚ್ಚಿಕೊಂಡಳು. ದಿನಾ ಹಸುವಿನ ಕಲಗಚ್ಚಿಗೆ ಹಿಡಿ ಉಪ್ಪು ಹಾಕುವ ಕೈ ಇದು. ಉಪ್ಪಿಲ್ಲದಿದ್ದರೆ ಹಸು ಸೊರಗುತ್ತದೆ ಅಂತ ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು. ಈ ಹರಕೆ ಶುರುವಾದ ಮೇಲೂ ಹಸುವಿಗೆ ಒಂದು ಹೊತ್ತೂ ತಪ್ಪಿಸಿರಲಿಲ್ಲ. ತಮ್ಮನಿಗೆ ತಪ್ಪಿಸಿದಳು. ತುತ್ತು ಮಾಡಿ ಮಾಡಿ ಸಪ್ಪೆ ತಿನ್ನಿಸಿದಳು, ಅದರ ಮೇಲೆ ಎಣಿಸಿ ಎಣಿಸಿ ಮಾತ್ರೆ ಕೊಟ್ಟಳು. ಎದ್ದು ಹೋಗಿ ಡಾಕ್ಟರಿಗೆ ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡಳು. ಏಳಲಿಲ್ಲ. ಹೇಗೂ ಉಪ್ಪುನೀರು ಹೋಗುತ್ತಿದೆಯಲ್ಲ, ನಾನು ಹೇಳಿದರೂ ಅದನ್ನೇ ತಾನೆ ಕೊಡುವುದು ಅಂತ ಮನಸ್ಸು ಒಂದು ನೆವ ಹುಡುಕಿ ಕೊಟ್ಟಿತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು.

ಸಂಜೆ ಹೊತ್ತಿಗೆ ಪವಿತ್ರಾ ಬಂದಳು, ಅಪ್ಪನ ಕೈ ಹಿಡಿದುಕೊಂಡು, ತುಂಬಿದ ಹೊಟ್ಟೆ ಹೊತ್ತುಕೊಂಡು. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಳು. ಮೊದಲೆಲ್ಲ ಅಂಗಡಿಯಲ್ಲೂ ಅವನು ಮಾತ್ರೆಯ ಒಂದು ಸ್ಟ್ರಿಪ್ ಇಟ್ಟುಕೊಂಡಿರುತ್ತಿದ್ದ ಅಂತ ಅವಳೇ ಹೇಳಿದಳು. ಶಿವಸ್ವಾಮಿಗೆ ಫೋನು ಮಾಡಿದರೆ, ಗಲ್ಲಾಪೆಟ್ಟಿಗೆಯಲ್ಲಿ ಹುಡುಕಿದೆ, ಸಿಗಲಿಲ್ಲ ಅಂದ. ಎಂದೋ ಮುಗಿದು ಬಿಸಾಡಿದ್ದನೋ ಏನೋ, ಯಾರಿಗೆ ಗೊತ್ತು? ಆದರೆ ಹೊಳೆಗೆ ಇಳಿದದ್ದು ಎಲ್ಲರಿಗೂ ಗೊತ್ತಿತ್ತು. ಹೊಳೆ ಆಯಿತು, ಈಗ ಮಾತ್ರೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗುರುಮಲ್ಲಪ್ಪ ಒಳ್ಳೆಯ ಮನುಷ್ಯ, ಜೋರು ಮಾತಿನವರಲ್ಲ. ಶಿವನಂಜಮ್ಮನ ಹತ್ತಿರ ಬಂದು ಮೆತ್ತಗೇ ಹೇಳಿದರು. "ತಾಯಿ, ನೀವು ತಪ್ಪು ತಿಳ್ಕೋಬಾರ್ದು. ಒಂದ್ಸಲ ಆಯ್ತು, ಕಾಯಿಲೆ ಅಂದ್ಕೊಂಡೊ. ಮಗು ಉಟ್ಟೋ ಒತ್ನಲ್ಲೂ ಇಂಗೇ ಮಾಡ್ಕೊಂಡ್ರೆ ನಾವೇನು ಅಂತ ನಂಬೋದು? ಬದುಕ್ಲಿ, ನಂಜುಂಡೇಶ್ವರ ಕಾಪಾಡ್ಲಿ. ಆದ್ರೆ ನನ್ ಮಗಳ್ನ ನಾನಿನ್ನು ಕಳ್ಸಕಿಲ್ಲ. ಮಗು ನಮ್ಮಲ್ಲೇ ಬೆಳೀಲಿ."

ಬೀಗರು ಹೇಳಿದ್ದು ನ್ಯಾಯವೇ. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದಳು. ಉಪ್ಪು ಅನ್ನುವ ಒಂದು ಮಾತು ಸಾಕಿತ್ತು, ತಮ್ಮನ ಸಂಸಾರ ಉಳಿಯುತ್ತಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ತಮ್ಮನನ್ನು ಕೈಯಾರೆ ಕೊಂದವಳು ಅನ್ನಿಸಿಕೊಳ್ಳಬೇಕು. ಅದನ್ನು ಪವಿತ್ರಾಳ ಎದುರಿಗೆ ಅನ್ನಿಸಿಕೊಳ್ಳಬೇಕು. ಊಟ ಬದಲಾಯಿಸಬೇಡಿ ಅಂತ ಕೈ ಹಿಡಿದು ಹೇಳಿ ಹೋದವಳ ಎದುರಿಗೆ.

ಆ ಪವಿತ್ರಾನೇ ಬಂದು ಬೆಂಚಿನ ಮೇಲೆ ಅವಳ ಪಕ್ಕ ಕುಳಿತಳು. ಶಿವನಂಜಮ್ಮನ ಭುಜಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನಾನೇ ಅತ್ತಿಗೆ. ನಾನೇ ಮಾಡಿದ್ದು. ಭಾನುವಾರ ಹಂಗೆ ಬೈದುಬಿಟ್ಟೆ. ನಾನೂ ಬೇಡ, ಮಗೂನೂ ಬೇಡ, ಅಲ್ಲೇ ಇದ್ಬಿಡಿ ಅಂದುಬಿಟ್ಟೆ. ಅದಕ್ಕೇ ನುಂಗಿಬಿಟ್ರು. ಕಾಯಿಲೆ ಮನುಷ್ಯ ಅಂತ ಗೊತ್ತಿದ್ದೂ ನಾನು ಹಂಗನ್ನಬಾರದಿತ್ತು."

ತನ್ನ ಪಾಪವನ್ನು ಈ ಬಸುರಿ ಹೆಂಗಸು ಹೊತ್ತುಕೊಂಡು ಅಳುತ್ತಿದ್ದಾಳೆ. ಈಗಲಾದರೂ ಹೇಳೇ, ಹಾಳಾದವಳೇ, ಈಗಲಾದರೂ ಬಾಯಿ ಬಿಡೇ ಅಂತ ಶಿವನಂಜಮ್ಮ ಒಳಗೇ ತನ್ನನ್ನು ತಾನು ಬೈದುಕೊಂಡಳು. ಸೆರಗು ತೆಗೆದು ಪವಿತ್ರಾಳ ಕಣ್ಣೊರೆಸಿದಳು.

"ಅಳಬ್ಯಾಡ ಕಣ್ ಮಗ, ನಿಂದೇನೂ ತಪ್ಪಿಲ್ಲ. ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬತ್ತದೆ, ಓಯ್ತದೆ" ಅಂದಳು. ಅಷ್ಟೇ ಅಂದಳು.

ಆ ರಾತ್ರಿಯೂ ಹೇಳಲಿಲ್ಲ, ಮಾರನೇ ದಿನವೂ ಹೇಳಲಿಲ್ಲ. ರಕ್ತ ಶುದ್ಧಿ ಮಾಡುವ ಮೆಷೀನಿಗೆ ಅವನನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕ್ಯಾಂಟೀನಿನಿಂದ ಗುರುಮಲ್ಲಪ್ಪ ಉಪ್ಪಿಟ್ಟು ತಂದುಕೊಟ್ಟರೆ ಅವಳು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಬಾಯಿಗೆ ಹಾಕಲಾಗಲಿಲ್ಲ. ಪವಿತ್ರಾ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಏನೋ ಗುಣುಗುತ್ತಾ ಕುಳಿತಿರುತ್ತಿದ್ದಳು. ಜಪ ಮಾಡುತ್ತಿದ್ದಾಳೆ ಅಂತ ಶಿವನಂಜಮ್ಮ ಅಂದುಕೊಂಡಳು.

ಅದರ ಮರುದಿನ ಬೆಳಿಗ್ಗೆ ಅಮೃತೇಶನಿಗೆ ಪೂರಾ ಎಚ್ಚರವಾಯಿತು. ಕಣ್ಣು ಒಂದು ಕಡೆ ನಿಂತಿತು, ಜನರ ಗುರುತು ಹತ್ತಿತು. ದಿವ್ಯ ಬಂದು ಬೆರಳು ಹಿಡಿಸಿ ನೋಡಿದಳು, ಕಾಲು ಎತ್ತಿಸಿದಳು. ಜೀವಕ್ಕೆ ಭಯವಿಲ್ಲ, ಆದರೆ ನಡಿಗೆ, ಮಾತು ಸರಿಹೋಗಲು ತಿಂಗಳುಗಳೇ ಹಿಡಿಯಬಹುದು, ಪೂರ್ತಿ ಸರಿಹೋಗದೆಯೂ ಇರಬಹುದು ಅಂದಳು. ಹಾಸಿಗೆಯ ಒಂದು ಪಕ್ಕ ಪವಿತ್ರಾ ಅವನ ಕೈ ಹಿಡಿದು ಕುಳಿತಿದ್ದಳು, ಅವಳ ಹಿಂದೆ ಗುರುಮಲ್ಲಪ್ಪ ನಿಂತಿದ್ದರು. ಶಿವನಂಜಮ್ಮ ಕಾಲ ಬಳಿ ನಿಂತಿದ್ದಳು.

"ಅಮೃತೇಶ್, ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು" ಅಂದಳು ದಿವ್ಯ. "ಯಾರೂ ಬೈಯಲ್ಲ. ಮಾತ್ರೆ ಎಷ್ಟು ತಗೊಂಡ್ರಿ?"

ಅಮೃತೇಶ ಡಾಕ್ಟರನ್ನು ನೋಡಿದ. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಕಾಲ ಬಳಿ ನಿಂತ ಅಕ್ಕನನ್ನು ನೋಡಿದ. ಅವಳ ಮುಖದಲ್ಲಿ ಏನು ಕಂಡಿತೋ, ತುಂಬಾ ಹೊತ್ತು ನೋಡಿದ.

"ನಾ... ನಾನೇ" ಅಂದ. ಒಂದೊಂದು ಅಕ್ಷರವನ್ನೂ ಹೊರಗೆ ತಳ್ಳಿದ. "ಜಾಸ್ತಿ... ನುಂಗ್ದೆ. ಅಂಗ್ಡೀಲಿ."

ಪವಿತ್ರಾ ಅವನ ಕೈ ಬಿಟ್ಟಳು. ಗುರುಮಲ್ಲಪ್ಪ ಮಗಳ ತೋಳು ಹಿಡಿದು "ಏಳು ಮಗಳೇ, ಓಗವ" ಅಂದರು. ಅವಳು ಕುರ್ಚಿಯ ಕೈ ಹಿಡಿದು ಏಳತೊಡಗಿದಳು.

"ಸುಳ್ಳು!" ಅಂತ ಶಿವನಂಜಮ್ಮ ಕಿರುಚಿದ್ದಕ್ಕೆ ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ಸುಳ್ಳು ಕಣವ್ವಾ! ಸುಳ್ಳು ಯೇಳ್ತಾವ್ನೆ ಇವ್ನು! ಒಂದ್ ಮಾತ್ರೇನೂ ಜಾಸ್ತಿ ತಕ್ಕೊಂಡಿಲ್ಲ. ನಾನು ಉಪ್ಪು ಬುಡ್ಸಿದ್ದೆ. ಮಾತ್ರೆ ತಪ್ಲಿ ಅಂತ ನಂಜುಂಡಪ್ಪಂಗೆ ಅರಕೆ ಒತ್ಕೊಂಡು ಉಪ್ಪು ಬುಡ್ಸಿದೆ. ಇವ್ನು ಬ್ಯಾಡ ಅನ್ನಕ್ಕೆ ಬಂದ, ನಾನು ಬಾಯ್ ಮುಚ್ಚಿಸ್ದೆ. ಡಾಕ್ಟ್ರವ್ವ, ನೀನು ಕೇಳ್ದಾಗ ಇಲ್ಲ ಅಂದ್ನಲ್ಲ, ಅದೂ ಸುಳ್ಳು." ಅವಳು ಹಾಸಿಗೆಯ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿದಳು. "ನನ್ ತಮ್ಮ ಸಾಯಕ್ಕೆ ಓಗ್ಲಿಲ್ಲ ಬೀಗ್ರೇ. ನಾನೇ ಕಳ್ಸಕ್ಕೆ ಓಗಿದ್ದೆ."

ಪವಿತ್ರಾ ಮೊದಲು ಗಂಡನನ್ನು ಕೇಳಿದಳು. "ಉಪ್ಪು ಬಿಡಬಾರದು ಅಂತ ಡಾಕ್ಟ್ರು ಮೊದಲೇ ಹೇಳಿದ್ರಲ್ಲ ನಿಮಗೆ?"

"ಯೇಳಿದ್ರು... ಮರ್ತಿದ್ದೆ ಕಣೇ. ವಾಂತಿ ಸುರುವಾದ್ಮೇಲೆ... ನೆಪ್ಪಾಯ್ತು. ಅಕ್ಕನೂ... ನನ್ ಜತೇಲಿ... ಸಪ್ಪೆ ತಿಂತಿದ್ಲು." ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. "ಎಂಗೆ ಯೇಳ್ಲಿ."

ದಿವ್ಯ ನಿಟ್ಟುಸಿರು ಬಿಟ್ಟು, "ಅಮ್ಮ, ಇದನ್ನ ಅವತ್ತೇ ಹೇಳಬೇಕಿತ್ತು" ಅಂದಳು. ಹಾಗಿದ್ದರೆ ಮುಂದಿನ ಔಷಧಿ ಯೋಚನೆ ಮಾಡುವ ರೀತಿಯೇ ಬೇರೆ, ಮನಸ್ಸಿನ ಡಾಕ್ಟರಿಗೆ ತಿಳಿಸುತ್ತೇನೆ ಅಂದು ಹೊರಟಳು. ಗುರುಮಲ್ಲಪ್ಪನವರ ಮುಖ ಒಂದೇ ಸಲಕ್ಕೆ ಸಡಿಲವಾಯಿತು. ಅಳಿಯನ ತಲೆಯ ಮೇಲೆ ಕೈ ಇಟ್ಟು, "ಅಂಗಾರೆ ಸಾಯಕ್ಕೆ ಓಗ್ನಿಲ್ಲ ನಮ್ಮುಡ್ಗ. ಅಷ್ಟು ಸಾಕು ಬುಡು ನಂಗೆ. ಮನೆಗೆ ಓಗನ ನಡಿ, ನಮ್ಮನೇಲೇ ಇರೀವಂತೆ" ಅಂದರು. ಶಿವನಂಜಮ್ಮನನ್ನೂ ಎಬ್ಬಿಸಿ ಕೂರಿಸಿದರು. "ಏನ್ ಮಾಡಕ್ಕಾಯ್ತದೆ ತಾಯಿ, ತಿಳೀದೆ ಮಾಡಿದ್ದು. ನಮ್ಮನೆ ಎಂಗಸ್ರೂ ಒರ್ತಾರೆ ಅರಕೆಯ. ಅಳಬ್ಯಾಡಿ" ಅಂದು, ಕಾಫಿ ತರುತ್ತೇನೆ ಅಂತ ಹೊರಗೆ ಹೋದರು.

ಪವಿತ್ರಾ ಗಂಡನ ಕೈಯನ್ನು ಮತ್ತೆ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ತಿರುಗದೆಯೇ ಕೇಳಿದಳು.

"ಅತ್ತಿಗೆ, ಬೆಂಚಿನ ಮೇಲೆ ನಾನು ಅಳ್ತಿದ್ದಾಗ ನನ್ನ ಕಣ್ಣೊರೆಸಿದ್ರಲ್ಲ. ಆವಾಗ ನಿಮಗೆ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಡಾಕ್ಟರು ಹೋಗಿಯಾಗಿತ್ತು, ಯಾರೂ ಹುಡುಕಿಕೊಂಡು ಹೋಗಿ ಕೇಳುತ್ತಿರಲಿಲ್ಲ. ಶಿವನಂಜಮ್ಮನ ಬಾಯಿ ಆ ಮಾತಿಗೆ ಸಿದ್ಧವಾಗಿಯೂ ಇತ್ತು.

"ಗೊತ್ತಿತ್ತು ಕಣವ್ವ" ಅಂದಳು.

ಪವಿತ್ರಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹರಕೆ ಹೊತ್ತಿದ್ದಕ್ಕೆ ನನಗೆ ಕೋಪ ಇಲ್ಲ ಅತ್ತಿಗೆ. ಅವರ ಮೇಲೆ ನಿಮಗೆಷ್ಟು ಆಸೆ ಅಂತ ನಂಗೊತ್ತು. ಆದ್ರೆ ಎರಡು ದಿನ ನಾನು ಹೊಟ್ಟೆ ಮೇಲೆ ಕೈ ಇಟ್ಕೊಂಡು ಈ ಮಗೂಗೆ ಒಂದೇ ಮಾತು ಹೇಳ್ತಿದ್ದೆ. ನಿಮ್ಮಪ್ಪನ್ನ ನಾನೇ ಸಾಯಿಸ್ದೆ ಕಂದ, ತಪ್ಪಾಯ್ತು ಅಂತ. ನೀವು ಪಕ್ಕದಲ್ಲೇ ಕೂತಿದ್ರಿ." ಅವಳ ದನಿ ಒಮ್ಮೆ ತಡವರಿಸಿತು, ಮತ್ತೆ ನೆಟ್ಟಗಾಯಿತು. "ಮಗೂಗೆ ಹೆಸರಿಡಕ್ಕೆ ಬನ್ನಿ. ಸೋದರತ್ತೆ ಅಂತ ಇರೋದು ನೀವೊಬ್ರೇ, ಕಿವೀಲಿ ಹೆಸರು ನೀವೇ ಹೇಳಬೇಕು, ನಾನು ತಪ್ಪಿಸಲ್ಲ. ಆದ್ರೆ ನನ್ನ ಮಾತಾಡಿಸಬೇಡಿ."

ಶಿವನಂಜಮ್ಮ ತಮ್ಮನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಬಂದಿರಲಿಲ್ಲ.

"ಆಯ್ತು ಕಣವ್ವ" ಅಂದಳು.